ಮರಿಯಮ್ಮನ ಎದೆಯಲ್ಲಿ ಏಳು ಕತ್ತಿ ಯಾಕೆ?

ಪ್ರಶ್ನೆ: ಮೈಸೂರಿನ ಗೆಳತಿಯ ಮನೆಯಲ್ಲಿ ಒಂದು ಪಟ ನೋಡಿದೆ. ಮರಿಯಮ್ಮನ ಎದೆಗೆ ಏಳು ಕತ್ತಿ ನಾಟಿದ್ದವು. ನಮ್ಮೂರ ಮಾರಮ್ಮನಿಗೆ ಕತ್ತಿ ಇರೋದು ಕೈಯಲ್ಲಿ. ಈ ತಾಯಿಗೆ ಎದೆಯಲ್ಲಿ ಯಾಕೆ? ಚುಚ್ಚಿದ್ದು ಯಾರು?
— ಮಂಡ್ಯದ ಓದುಗರು

ಯಾರೂ ಚುಚ್ಚಿಲ್ಲ. ಒಂದು ಮಾತು ಹೀಗೆ ಚಿತ್ರವಾಗಿದೆ, ಅಷ್ಟೆ. ಬೈಬಲ್ಲಿನ ಲೂಕನ ಶುಭಸಂದೇಶದಲ್ಲಿ ಯೇಸುವಿನ ತಾಯಿ ಮರಿಯಮ್ಮ ಕೂಸನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಹೋಗುತ್ತಾಳೆ. ಅಲ್ಲಿ ಸಿಮೆಯೋನ ಎಂಬ ಭಕ್ತ ಮಗುವನ್ನು ಎತ್ತಿಕೊಂಡು ದೇವರನ್ನು ಕೊಂಡಾಡುತ್ತಾನೆ. ಆಮೇಲೆ ತಾಯಿಯ ಕಡೆ ತಿರುಗಿ, ನಿನ್ನ ಜೀವವನ್ನೂ ಒಂದು ಕತ್ತಿ ಇರಿಯುತ್ತದೆ ಅನ್ನುತ್ತಾನೆ. ಬಾಣಂತಿಗೆ ಹೇಳುವ ಮಾತೇ ಇದು? ನಮ್ಮ ಕಡೆ ಆಗಿದ್ದರೆ ‘ಬಿಡ್ತು ಅನ್ನಿ’ ಅಂತಿದ್ದರು.

ಅವನು ಹೇಳಿದ್ದು ಒಂದೇ ಕತ್ತಿ. ಒಂದೇ ಕತ್ತಿಯ ಚಿತ್ರಗಳೂ ಇವೆ. ಭಕ್ತರು ಆಮೇಲೆ ಆಕೆಯ ದುಃಖಗಳನ್ನು ಎಣಿಸಿ ಏಳು ಮಾಡಿದರು. ಸಿಮೆಯೋನನ ಮಾತು ಮೊದಲನೆಯದು. ಕೂಸನ್ನು ಕೊಲ್ಲಹೊರಟ ರಾಜ ಹೆರೋದನಿಗೆ ಹೆದರಿ ಈಜಿಪ್ಟಿಗೆ ಓಡಿದ್ದು ಎರಡನೆಯದು. ಮೂರನೆಯದು, ಹನ್ನೆರಡು ವರ್ಷದ ಮಗ ಹಬ್ಬದ ಜನಸಂದಣಿಯಲ್ಲಿ ಕಳೆದುಹೋಗಿ ಮೂರು ದಿನ ಸಿಗದಿದ್ದದ್ದು. ಜಂಬೂಸವಾರಿಯ ನೂಕುನುಗ್ಗಲಲ್ಲಿ ಐದು ನಿಮಿಷ ಮಗುವಿನ ಕೈ ತಪ್ಪಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಉಳಿದ ನಾಲ್ಕು ಶಿಲುಬೆಯವು: ಹೊತ್ತು ನಡೆವ ಮಗ ಎದುರಾದದ್ದು, ಅವನ ಸಾವು, ಕೆಳಗಿಳಿಸಿದ್ದು, ಸಮಾಧಿ.

ಸತ್ತ ಮಗನನ್ನು ಆಕೆ ಮಡಿಲಿಗೆ ಹಾಕಿಕೊಂಡಳು ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಶಿಲುಬೆಯ ಹತ್ತಿರ ನಿಂತಿದ್ದಳು ಅಂತಷ್ಟೇ ಯೊವಾನ್ನನ ಶುಭಸಂದೇಶ ಹೇಳುತ್ತದೆ. 1300ರ ಆಸುಪಾಸಿನಲ್ಲಿ ಜರ್ಮನಿಯ ಶಿಲ್ಪಿಗಳು ಆಕೆಯನ್ನು ಕೂರಿಸಿ ಮಗನನ್ನು ಮಡಿಲಲ್ಲಿಟ್ಟರು. ಸುಮಾರು 1499ರಲ್ಲಿ ಇಪ್ಪತ್ತನಾಲ್ಕು ವಯಸ್ಸಿನ ಇಟಲಿಯ ಶಿಲ್ಪಿ ಮೈಕೆಲ್ಯಾಂಜೆಲೊ ಅದೇ ದೃಶ್ಯವನ್ನು ಅಮೃತಶಿಲೆಯಲ್ಲಿ ಕೆತ್ತಿದ. ಬೆಳೆದ ಮಗ ತಾಯಿಯ ಮಡಿಲಲ್ಲಿ ಹಿಡಿಸಬೇಕಲ್ಲ! ಬಟ್ಟೆಯ ನೆರಿಗೆಗಳನ್ನು ಅಗಲಕ್ಕೆ ಹರಡಿ ಜಾಗ ಮಾಡಿದ. ಆಕೆ ಎದ್ದು ನಿಂತರೆ ಮಗನಿಗಿಂತ ಎತ್ತರ. ಮುಖವೋ ಹುಡುಗಿಯದು. ಕತ್ತಿಯಿಲ್ಲ, ಕಣ್ಣೀರಿಲ್ಲ. ಎಡಗೈ ಮಾತ್ರ ಸುಮ್ನೆ ಚಾಚಿದೆ, ಖಾಲಿ. ನನ್ನನ್ನು ಕೇಳಿದರೆ ಏಳು ಕತ್ತಿಗಿಂತ ಆ ಕೈಯೇ ಜಾಸ್ತಿ ಚುಚ್ಚುತ್ತದೆ.

ನೀವು ನೋಡಿದ ಪಟದ ತಾಯಿಗೆ ಇಲ್ಲಿನ ಕಥೋಲಿಕರು ವ್ಯಾಕುಲ ಮಾತೆ ಅನ್ನುತ್ತಾರೆ. ಹಬ್ಬ ಸೆಪ್ಟೆಂಬರ್ 15ಕ್ಕೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಶುಕ್ರವಾರ ಚರ್ಚುಗಳಲ್ಲಿ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿ ಎಂಬ ಪ್ರಾರ್ಥನೆ ನಡೆಯುತ್ತದೆ. ಅದರ 14 ಸ್ಥಳಗಳಲ್ಲಿ ನಾಲ್ಕನೆಯದರಲ್ಲಿ ತಾಯಿ ಮಗನಿಗೆ ಎದುರಾಗುತ್ತಾಳೆ, ಹದಿಮೂರನೆಯದರಲ್ಲಿ ಅವನ ದೇಹ ಆಕೆಯ ಮಡಿಲಿಗೆ ಬರುತ್ತದೆ. ಗೆಳತಿಯನ್ನು ಕೇಳಿ, ಕರೆದುಕೊಂಡು ಹೋಗುತ್ತಾರೆ.