ಓದುಗರ ಪ್ರಶ್ನೆ: ಯುದ್ಧನೌಕೆಗೆ ಒಂದು ಜಾಮರ್ ಸಾಕಲ್ಲವೇ?

ಪ್ರಶ್ನೆ: ದೊಡ್ಡ ಜಾಮರ್ ಕೂರಿಸಿದರೆ ಡ್ರೋನ್‌ಗಳು ತಾವೇ ಸಮುದ್ರಕ್ಕೆ ಬೀಳುತ್ತವಲ್ಲ, ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಏಕೆ?

ಉತ್ತರ: ಸಿಂಧನೂರು, ಗಂಗಾವತಿ ಕಡೆಯಿಂದ ಈ ಪ್ರಶ್ನೆ ನಿಂತೇ ಇಲ್ಲ. ಎಷ್ಟು ಸಲ ಬಿಡಿಸಿ ಹೇಳಿದರೂ ಮತ್ತೆ ಅದೇ. ಕಾರಣ ಗದ್ದೆಯಲ್ಲೇ ಇದೆ. ಭತ್ತಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಡ್ರೋನ್ ರಿಮೋಟ್ ಸಿಗ್ನಲ್ ತಪ್ಪಿದೊಡನೆ ವಾಪಸ್ ಬರುತ್ತದೆ, ಇಲ್ಲವೇ ನಿಂತಲ್ಲೇ ಇಳಿಯುತ್ತದೆ. ಹಾಗೆ ಮಾಡು ಎಂದು ತಯಾರಕರು ಅದರಲ್ಲಿ ಬರೆದಿಟ್ಟಿದ್ದಾರೆ, ಅಷ್ಟೇ. ರೇಡಿಯೋ ನಿಂತರೆ ಡ್ರೋನ್ ಬೀಳಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಜಾಮರ್ ಡ್ರೋನಿನ ಕಿವಿಯಲ್ಲಿ ಗದ್ದಲ ತುಂಬುತ್ತದೆ. ಆಗ ರಿಮೋಟಿನ ಮಾತೂ ಜಿಪಿಎಸ್ ಸಂಕೇತವೂ ಕೇಳುವುದಿಲ್ಲ. ಆದರೆ ಯಾರ ಮಾತೂ ಕೇಳಬೇಕಿಲ್ಲದ ಡ್ರೋನ್‌ಗೆ ಏನು ಮಾಡುತ್ತೀರಿ? ಇರಾನಿನ ಶಾಹೆದ್-136 ಎಂಬ ಆತ್ಮಾಹುತಿ ಡ್ರೋನ್ ಹಾರುವ ಮೊದಲೇ ಗುರಿಯನ್ನು ತುಂಬಿಕೊಂಡಿರುತ್ತದೆ. ಜಿಪಿಎಸ್ ಕೆಟ್ಟರೆ ತಿರುವು ಅಳೆಯುವ ಒಳಗಿನ ಗೈರೊಸ್ಕೋಪ್ ನಂಬಿ ಮುಂದೆ ಸಾಗುತ್ತದೆ. ದಾರಿ ತುಸು ತಪ್ಪೀತು, ಹಾರಾಟ ನಿಲ್ಲದು. ಕ್ಯಾಮೆರಾ ಹೊತ್ತ ಡ್ರೋನ್ ಕೊನೆಯ ಹಂತದಲ್ಲಿ ಹಡಗಿನ ಆಕಾರ ನೋಡಿಯೇ ಎರಗಬಲ್ಲದು. ಉಕ್ರೇನ್ ಯುದ್ಧದಲ್ಲಂತೂ ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತಾ ಹಾರುವ ಡ್ರೋನ್‌ಗಳು ಬಂದಿವೆ. ಎಲ್ಲ ಮಾತೂ ಎಳೆಯಲ್ಲೇ ಹೋದರೆ ಜಾಮ್ ಮಾಡುವುದು ಯಾವುದನ್ನು? ಮೇಲಾಗಿ ಜಾಮರ್ ಹಚ್ಚಿದ ನೌಕೆ ತಾನಿರುವ ದಿಕ್ಕನ್ನು ತಾನೇ ಸಾರಿದಂತೆ. ಜಾಮರ್ ಬೇಕು, ನಿಜ. 2019ರ ಜುಲೈನಲ್ಲಿ ಹೊರ್ಮುಜ್ ಜಲಸಂಧಿಯಲ್ಲಿ ಬಾಕ್ಸರ್ ನೌಕೆ ಇರಾನಿನ ಡ್ರೋನನ್ನು ಜಾಮ್ ಮಾಡಿ ಕೆಡವಿತೆಂದು ಅಮೆರಿಕ ಹೇಳಿತು. ಆದರೆ ಅದೊಂದೇ ಸಾಲದು.

ಲೆಕ್ಕ ಹಾಕಿ. ಶಾಹೆದ್ ವೇಗ ಗಂಟೆಗೆ ಸುಮಾರು 185 ಕಿಮೀ, ಎಂದರೆ ಸೆಕೆಂಡಿಗೆ ಸುಮಾರು 51 ಮೀಟರ್. ಆ ವೇಗದಲ್ಲಿ ಅಲೆಗೆ ತಾಗುವಂತೆ ಬರುವ ಸಣ್ಣ ಡ್ರೋನನ್ನು ರೇಡಾರ್ 5 ಕಿಮೀ ದೂರದಲ್ಲಿ ಹಿಡಿದರೆ ಉಳಿಯುವುದು ಸುಮಾರು 97 ಸೆಕೆಂಡ್. ಅಷ್ಟರಲ್ಲಿ ಅದು ಹಕ್ಕಿಯೋ ಅಲೆಯೋ ಎಂದು ಬೇರ್ಪಡಿಸಬೇಕು, ಕ್ಯಾಮೆರಾದಿಂದ ಖಚಿತಪಡಿಸಬೇಕು, ಗುಂಡು ಹಾರಿಸಬೇಕು. ಎಕೆ-630 ಫಿರಂಗಿ ನಿಮಿಷಕ್ಕೆ ಸುಮಾರು 5000 ಗುಂಡು ಉಗುಳುತ್ತದೆ. ಅದರಲ್ಲಿ ತುಂಬಿಟ್ಟ 2000 ಗುಂಡು ಅರ್ಧ ನಿಮಿಷದೊಳಗೆ ಖಾಲಿ. ಆದ್ದರಿಂದ ದೂರಕ್ಕೆ ಕ್ಷಿಪಣಿ, ಹತ್ತಿರಕ್ಕೆ ಫಿರಂಗಿ, ಜೊತೆಗೆ ಜಾಮರ್. ನಮ್ಮ ಪಕ್ಕದ ಕರ್ನೂಲಿನಲ್ಲಿ 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಡ್ರೋನ್ ಸುಡುವ 30 ಕಿಲೋವ್ಯಾಟ್ ಲೇಸರ್ ಪರೀಕ್ಷಿಸಿತು, ಹೆಮ್ಮೆಯ ಸಂಗತಿ. ಸಮುದ್ರದ ಮೇಲೆ ಮಂಜು, ಉಪ್ಪಿನ ಹನಿ ಲೇಸರನ್ನು ಚದುರಿಸುತ್ತವೆ ಎಂಬುದೂ ನೆನಪಿರಲಿ. ಇದು ದೂರದ ವಿಷಯವಲ್ಲ: 2023ರ ಡಿಸೆಂಬರ್‌ನಲ್ಲಿ ಡ್ರೋನ್ ಬಡಿದ ಕೆಮ್ ಪ್ಲೂಟೊ ಹಡಗು ಕಚ್ಚಾತೈಲ ಹೊತ್ತು ಬರುತ್ತಿದ್ದುದು ಮಂಗಳೂರಿಗೆ.

ಯಾರೂ ಕೇಳದಿದ್ದರೂ ಗದ್ದೆಯ ಡ್ರೋನ್ ಬಗ್ಗೆ ಎರಡು ಮಾತು. ಸಿಗ್ನಲ್ ತಪ್ಪಿದರೆ ಅದು ಮರಳುವುದು ಹಾರಿದ ಜಾಗಕ್ಕೆ, ಬದುವಿನ ಮೇಲೆ ನಡೆದು ಮುಂದೆ ಹೋದ ನಿಮ್ಮ ಬಳಿಗಲ್ಲ. ಮರಳುವ ಎತ್ತರವನ್ನು ಕರೆಂಟ್ ತಂತಿ, ತೆಂಗಿನ ಮರಕ್ಕಿಂತ ಮೇಲೆ ಇಡಿ. ಟ್ರ್ಯಾಕ್ಟರ್ ಪಕ್ಕದಲ್ಲಿ ಕಂಪಾಸ್ ಹೊಂದಿಸಬೇಡಿ, ಕಬ್ಬಿಣ ಅದನ್ನು ದಾರಿ ತಪ್ಪಿಸುತ್ತದೆ. ಪಕ್ಕದ ಹೊಲದ ಡ್ರೋನ್ ಕಾಟವೆಂದು ಜಾಮರ್ ಕೊಳ್ಳಲೂ ಹೋಗಬೇಡಿ: ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ, ಮತ್ತು ಜಿಪಿಎಸ್ ಕಳೆದುಕೊಂಡ ಡ್ರೋನ್ ವಾಪಸ್ ಹೋಗದೆ ಗಾಳಿ ಬೀಸಿದತ್ತ ತೇಲಿ ಯಾರ ಮೇಲಾದರೂ ಬಿದ್ದೀತು.