ರೆಡ್ ಡಾಗ್‌ನ ಸತು ಎಲ್ಲಿಂದ ಬಂತು?

ಪ್ರಶ್ನೆ: ಅಲಾಸ್ಕದ ರೆಡ್ ಡಾಗ್ ಗಣಿಯಲ್ಲಿ ಸತು ಮತ್ತು ಸೀಸ ಅಷ್ಟೊಂದು ಪ್ರಮಾಣದಲ್ಲಿ ಒಂದೇ ಕಡೆ ಸೇರಿದ್ದು ಹೇಗೆ? ಅಲ್ಲಿ ಹಿಂದೆ ಜ್ವಾಲಾಮುಖಿ ಇತ್ತೇ?

ಉತ್ತರ: ಆರ್ಕ್ಟಿಕ್ ವೃತ್ತದ ಉತ್ತರಕ್ಕೆ, ಬ್ರೂಕ್ಸ್ ಪರ್ವತಶ್ರೇಣಿಯ ಪಶ್ಚಿಮ ಭಾಗದಲ್ಲಿರುವ ಈ ನಿಕ್ಷೇಪಕ್ಕೆ ಜ್ವಾಲಾಮುಖಿ ಮುಖ್ಯ ಕಾರಣವಲ್ಲ, ಅದನ್ನು ಕಟ್ಟಿದ್ದು ಉಪ್ಪುನೀರು. ಸುಮಾರು 34 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಸಾವಯವ ಪದಾರ್ಥ ತುಂಬಿದ ಕಪ್ಪು ಕೆಸರು ಶೇಖರವಾಗುತ್ತಿತ್ತು. ಆ ಕೆಸರೇ ಗಟ್ಟಿಯಾಗಿ ಇಂದು ಕೂನಾ ಶಿಲಾಸಮೂಹವೆಂದು ಕರೆಯುವ ಕಪ್ಪು ಶೇಲ್ (ಜೇಡಿಯ ಪದರಶಿಲೆ) ಮತ್ತು ಚರ್ಟ್ (ಗಟ್ಟಿ ಸಿಲಿಕಾ ಶಿಲೆ) ಆಗಿದೆ.

ಬಿಸಿಲಿಗೆ ಆವಿಯಾಗಿ ಲವಣ ಹೆಚ್ಚಿದ ಸಮುದ್ರದ ನೀರು ಭಾರವಾಗಿರುತ್ತದೆ. ಅದು ಬಿರುಕುಗಳ ಮೂಲಕ ಆಳದ ಮರಳುಗಲ್ಲು ಮತ್ತಿತರ ಪದರಗಳಿಗೆ ಇಳಿದು, ಭೂಮಿಯ ಶಾಖದಿಂದ ಬಿಸಿಯಾಗಿ, ಶಿಲೆಗಳಲ್ಲಿ ಅತ್ಯಲ್ಪವಾಗಿ ಚದುರಿದ್ದ ಸತು-ಸೀಸವನ್ನು ಕರಗಿಸಿಕೊಂಡಿತು. ಎರಡೂ ಲೋಹಗಳು ಜೊತೆಯಾಗಿ ಸಿಗುವುದಕ್ಕೆ ಕಾರಣ ಇಲ್ಲಿಯೇ ಇದೆ: ಎರಡೂ ಕ್ಲೋರೈಡಿನೊಂದಿಗೆ ಸುಲಭವಾಗಿ ಬೆಸೆದುಕೊಂಡು ನೂರರಿಂದ ಇನ್ನೂರು ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲೇ ಸಾಗಬಲ್ಲವು, ಆದರೆ ತಾಮ್ರ ಹೇರಳವಾಗಿ ಸಾಗಲು ಸಾಮಾನ್ಯವಾಗಿ ಇನ್ನೂ ಹೆಚ್ಚಿನ ಶಾಖ ಬೇಕು. ಲೋಹ ಹೊತ್ತ ಈ ನೀರು ಸ್ತರಭಂಗಗಳ (ಶಿಲಾಪದರಗಳು ಮುರಿದು ಜರುಗಿದ ಬಿರುಕುಗಳ) ದಾರಿ ಹಿಡಿದು ಮೇಲೇರಿ ಕಪ್ಪು ಕೆಸರನ್ನು ಸೇರಿದಾಗ ಅಲ್ಲಿ ಗಂಧಕ ಸಿದ್ಧವಾಗಿತ್ತು. ಸಮುದ್ರದ ಸಲ್ಫೇಟ್ ಆಮ್ಲಜನಕವಿಲ್ಲದ ಆ ತಳದಲ್ಲಿ ಬ್ಯಾಕ್ಟೀರಿಯಾಗಳಿಂದ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಅದು ಸಿಕ್ಕ ಕೂಡಲೇ ಸತುವು ಸ್ಫಾಲೆರೈಟ್ (ಸತುವಿನ ಸಲ್ಫೈಡ್) ಆಗಿ, ಸೀಸವು ಗೆಲೀನಾ (ಸೀಸದ ಸಲ್ಫೈಡ್) ಆಗಿ ಹರಳುಗಟ್ಟುತ್ತದೆ. ಅದಿರಿನ ದೊಡ್ಡ ಭಾಗ ಸಮುದ್ರತಳದ ಮೇಲಲ್ಲ, ತಳದ ಕೆಳಗೆ, ಮೊದಲೇ ರೂಪುಗೊಂಡಿದ್ದ ಬೆರೈಟ್ (ಬೇರಿಯಂ ಸಲ್ಫೇಟ್) ಮುಂತಾದ ಖನಿಜಗಳನ್ನು ಕರಗಿಸಿ ಅವುಗಳ ಸ್ಥಾನದಲ್ಲಿ ಬೆಳೆಯಿತು. ನನಗೆ ಇದೇ ಇಡೀ ಕಥೆಯ ಅತಿ ಸೋಜಿಗದ ಭಾಗ. ಲೋಹ ಅಪರೂಪದ್ದಲ್ಲ, ಲೋಹದ ನೀರೂ ಗಂಧಕವೂ ಒಂದೇ ಜಾಗದಲ್ಲಿ ದೀರ್ಘಕಾಲ ಸಂಧಿಸುವುದು ಅಪರೂಪ. ಗಣಿಯ ಆರಂಭದ ಅಂದಾಜಿನಂತೆ ಅಲ್ಲಿನ ಅದಿರಿನಲ್ಲಿ ಸುಮಾರು 17% ಸತು, 5% ಸೀಸ ಇತ್ತು.

ಬಹುಕಾಲದ ನಂತರ, ಪರ್ವತಗಳು ಎದ್ದಾಗ ಈ ಪದರಗಳು ಒಂದರ ಮೇಲೊಂದು ಜಾರಿ ಪೇರಿಕೊಂಡವು, ಅದಿರು ಮೇಲ್ಮೈಗೆ ಹತ್ತಿರವಾಯಿತು. ರಾಜಸ್ಥಾನದ ರಾಂಪುರ ಆಗುಚಾ ಸತು-ಸೀಸ ಗಣಿಯಲ್ಲಿ ಅದಿರು ತೀವ್ರ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಪುನಃ ಹರಳುಗಟ್ಟಿದೆ. ರೆಡ್ ಡಾಗ್‌ನಲ್ಲಿ ಹಾಗಾಗಲಿಲ್ಲವಾದ್ದರಿಂದ ಮೂಲ ರಚನೆಯ ಬಹಳಷ್ಟು ವಿವರ ಇನ್ನೂ ಓದಲು ಸಿಗುತ್ತದೆ.

ಮೇಲೆ ಬಂದ ಸಲ್ಫೈಡ್ ಗಾಳಿ-ನೀರಿಗೆ ಒಡ್ಡಿಕೊಂಡರೆ ಕಬ್ಬಿಣದ ತುಕ್ಕು ಮತ್ತು ಆಮ್ಲ ಹುಟ್ಟುತ್ತವೆ. ವಿಮಾನ ಚಾಲಕ ಬಾಬ್ ಬೇಕರ್ ಹೇಳಿದ್ದ ಕೆಂಪು ತೊರೆಗಳ ಜಾಡು ಹಿಡಿದು 1968ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಇರ್ವ್ ಟೇಲ್ಯೂರ್ ಮಾದರಿ ಸಂಗ್ರಹಿಸಿದರು. ಗಣಿ ಆರಂಭವಾದದ್ದು 1989ರಲ್ಲಿ. ಗಣಿಗಾರಿಕೆಗೆ ಮೊದಲೇ ರೆಡ್ ಡಾಗ್ ತೊರೆಯ ನೀರಿನಲ್ಲಿ ಸತು, ಸೀಸ, ಕ್ಯಾಡ್ಮಿಯಂ ಸಹಜವಾಗಿಯೇ ಹೆಚ್ಚಿದ್ದುದರಿಂದ, ಗಣಿಯಿಂದ ಆದ ಬದಲಾವಣೆಯನ್ನು ಅಳೆಯುವವರು ಆ ಹಳೆಯ ಮಟ್ಟವನ್ನೇ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.