ಎಫ್‌ಎಎಸ್‌ಡಿ ಟೆಲಿ ತಪಾಸಣೆ ಅಂದರೇನು?

ಬಸಿರಿನಲ್ಲಿ ತಾಯಿ ಕುಡಿದ ಮದ್ಯದಿಂದ ಮಗುವಿನ ಮಿದುಳಿಗೂ ಮೈಗೂ ಆಗುವ ಹಾನಿಗೆ ಒಟ್ಟಾರೆ ಹೆಸರು ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ಚಿಕ್ಕದಾಗಿ ಎಫ್‌ಎಎಸ್‌ಡಿ. ಮಗು ತನ್ನ ಊರಲ್ಲೇ ಇದ್ದು, ದೂರದ ನಗರದ ತಜ್ಞರು ವಿಡಿಯೋ, ಫೋಟೋ, ದಾಖಲೆಗಳ ಮೂಲಕ ಇದನ್ನು ಪತ್ತೆ ಮಾಡುವುದೇ ಟೆಲಿ ತಪಾಸಣೆ.

ಸುಮ್ನೆ ಒಂದು ವಿಡಿಯೋ ಕಾಲ್ ಮಾಡಿದರೆ ಆಗುವ ಕೆಲಸ ಅಲ್ಲ ಇದು. ಎಫ್‌ಎಎಸ್‌ಡಿಗೆ ರಕ್ತ ಪರೀಕ್ಷೆ ಇಲ್ಲ. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಮಾತಿನ ಚಿಕಿತ್ಸಕರು ಎಲ್ಲರೂ ಸೇರಿ ನೆನಪು, ಗಮನ, ಭಾಷೆ, ಓದು, ನಡವಳಿಕೆ ನೋಡಬೇಕು. ಕೆನಡಾದ ಮಾರ್ಗಸೂಚಿಯಲ್ಲಿ ಮಿದುಳಿನ ಕೆಲಸವನ್ನು 10 ವಿಭಾಗ ಮಾಡಿದ್ದಾರೆ, ಕನಿಷ್ಠ 3ರಲ್ಲಿ ತೀವ್ರ ತೊಂದರೆ ಕಾಣಬೇಕು.

ಅದೇ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ ನೋಡಿ. ತಜ್ಞರಿರುವ ವಿನ್ನಿಪೆಗ್‌ನಿಂದ ಉತ್ತರದ ಥಾಂಪ್ಸನ್ ಪಟ್ಟಣ 700 ಕಿಲೋಮೀಟರಿಗೂ ಜಾಸ್ತಿ ದೂರ, ಅದರಾಚೆಯ ಎಷ್ಟೋ ಊರುಗಳಿಗೆ ವರ್ಷವಿಡೀ ಓಡಾಡುವ ರಸ್ತೆಯೇ ಇಲ್ಲ. ಮ್ಯಾನಿಟೋಬಾದ ವೈದ್ಯರು ಟೆಲಿಮೆಡಿಸಿನ್‌ನಿಂದ ಪತ್ತೆ ಮಾಡಿದ ಅನುಭವವನ್ನು 2002ರಲ್ಲೇ ಪ್ರಕಟಿಸಿದ್ದರು.

ಕ್ಯಾಮೆರಾಗೆ ಸುಲಭವಾಗಿ ಸಿಗುವುದು ಮುಖ. ಕಿರಿದಾದ ಕಣ್ಣು, ತೆಳು ಮೇಲ್ತುಟಿ, ಮೂಗಿನ ಕೆಳಗಿನ ತಗ್ಗು ಇಲ್ಲದೆ ಸಪಾಟಾಗಿರುವುದು, ಈ ಮೂರು ಗುರುತು. ಅಳತೆ ಗೊತ್ತಿರುವ ಚಿಕ್ಕ ಸ್ಟಿಕ್ಕರನ್ನು ಹಣೆಗೆ ಅಂಟಿಸಿ ಫೋಟೋ ತೆಗೆದರೆ, ಸಾಫ್ಟ್‌ವೇರ್ ಅದನ್ನೇ ಅಳತೆಪಟ್ಟಿ ಮಾಡಿಕೊಂಡು ಕಣ್ಣಿನ ಅಗಲ ಲೆಕ್ಕ ಹಾಕುತ್ತದೆ. ಆದರೆ ಎಫ್‌ಎಎಸ್‌ಡಿ ಇರುವ ಹೆಚ್ಚಿನ ಮಕ್ಕಳ ಮುಖದಲ್ಲಿ ಈ ಮೂರೂ ಗುರುತು ಒಟ್ಟಿಗೆ ಕಾಣುವುದೇ ಇಲ್ಲ! ಆಗ ಬಸಿರಿನಲ್ಲಿ ಕುಡಿತ ಇತ್ತು ಅನ್ನುವುದು ಖಚಿತವಾಗಬೇಕು.

ಅದನ್ನು ಕೇಳುವವರು ಯಾರು? ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವ ಇಲ್ಲಿದೆ. ಹಿಂದೆ ಸರ್ಕಾರ ಮಕ್ಕಳನ್ನು ಮನೆಯಿಂದ ಬಲವಂತವಾಗಿ ವಸತಿ ಶಾಲೆಗಳಿಗೆ ಒಯ್ದ ನೋವು ಕೆನಡಾದ ಮೂಲನಿವಾಸಿ ಕುಟುಂಬಗಳಲ್ಲಿ ಇನ್ನೂ ಹಸಿಯಾಗಿದೆ. ಪರದೆ ಮೇಲಿನ ಅಪರಿಚಿತರು "ಬಸಿರಿಯಾಗಿದ್ದಾಗ ಕುಡಿದಿದ್ರಾ?" ಅಂದರೆ ಯಾವ ತಾಯಿ ಬಾಯಿ ಬಿಡುತ್ತಾಳೆ? ಬಸಿರು ಅಂತ ಗೊತ್ತಾಗುವ ಮೊದಲೇ ಕುಡಿದವರೂ ಇರುತ್ತಾರಲ್ವಾ. ಊರಿನವರೇ ಆದ, ನಂಬಿಕೆ ಗಳಿಸಿದ ನರ್ಸ್ ಅಥವಾ ಆರೋಗ್ಯ ಕಾರ್ಯಕರ್ತೆ ಪಕ್ಕದಲ್ಲಿ ಕೂತು, ತಪ್ಪು ಹೊರಿಸದೆ ಕೇಳಬೇಕು. ಈ ಒಬ್ಬರಿಲ್ಲದೆ ಎಂಥ ಒಳ್ಳೆಯ ಇಂಟರ್ನೆಟ್ ಇದ್ದರೂ ಪ್ರಯೋಜನ ಕಡಿಮೆ.

ಪತ್ತೆಯಾದ ಮೇಲೂ ಅದೇ ವಿಡಿಯೋ ಬೇಕಾಗುತ್ತದೆ. ಮಗುವಿನ ಟೀಚರನ್ನೂ ಕರೆಗೆ ಸೇರಿಸಿಕೊಂಡು, "ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮರೆತರೆ ಹಟ ಅಂದುಕೊಂಡು ಬೈಯಬೇಡಿ" ಅಂತ ತಜ್ಞರು ನೇರವಾಗಿ ತಿಳಿಸಬಹುದು.